ಮಾಸ್ಟ್ರ ಸುತ್ತು

ನಮ್ಮ ಜಿಲ್ಲೆಯಲ್ಲಿ ಸ್ಯಾಕ್ಸೋಫೋನ್ ಊದುವವನಿಗೆ ದುಃಖಪಡುವ ಸೌಕರ್ಯವಿಲ್ಲ. ನಾನು ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ಸ್ವರ ಹಿಡಿದರೂ ದಾರಿಯಲ್ಲಿ ಹೋಗುವವರು "ಮದುವೆ ಯಾರದ್ದು?" ಎಂದು ಕೇಳುತ್ತಾರೆ. ಎಲ್ಲೋ ಯುರೋಪಿನಲ್ಲಿ ಹುಟ್ಟಿದ ಈ ಸೊಟ್ಟ ಕೊಳವೆ ಅಮೆರಿಕದ ಕಪ್ಪು ಜನರ ಕೈಗೆ ಸಿಕ್ಕಿ ಅಳುವುದನ್ನು ಕಲಿಯಿತು. ಅಲ್ಲಿ ಶವದ ಹಿಂದೆಯೂ ಇದನ್ನು ಊದಿಕೊಂಡು ಹೋಗುತ್ತಾರಂತೆ. ಕಾರ್ಕಳಕ್ಕೆ ಬಂದದ್ದೇ ತಡ, ಅದು ಧಾರೆಯ ಮಂಟಪದ ಪಕ್ಕ ಕುಳಿತುಬಿಟ್ಟಿತು. ನಾನೂ ಅದರ ಜೊತೆ ಕುಳಿತು, ಕೆನ್ನೆ ಉಬ್ಬಿಸಿ ಹೊಟ್ಟೆ ಹೊರೆಯುತ್ತಿದ್ದೇನೆ. ಮದುವೆಯ ಫೋಟೋಗಳಲ್ಲಿ ನನ್ನ ಮುಖ ಹಲ್ಲುನೋವು ಬಂದವನ ಮುಖದಂತೆ ಕಾಣುತ್ತದೆ.

ಈ ವಾದ್ಯ ಅಳಬಲ್ಲದು ಎಂದು ತೋರಿಸಿದವರು ಕುಕ್ಕುಂದೂರಿನ ಗ್ರೆಗರಿ ಮಾಸ್ಟ್ರು. ಮುಂಬೈಯ ಹೋಟೆಲುಗಳಲ್ಲಿ ಜಾಝ್ ನುಡಿಸಿ, ವಯಸ್ಸಾದ ಮೇಲೆ ಮಗಳು ಐರಿನ್ ಜೊತೆ ಊರಲ್ಲಿ ನೆಲೆಸಿದವರು. ನಾನು ಸಿನಿಮಾ ಹಾಡನ್ನು ಇದ್ದದ್ದು ಇದ್ದ ಹಾಗೆ ಊದಿದರೆ, "ಚಂದ ಉಂಟು ಮಾರಾಯ. ಇನ್ನು ನಿನ್ನದು ಊದು" ಎನ್ನುತ್ತಿದ್ದರು. ನನ್ನದು ಅಂತ ಒಂದು ಉಂಟೆಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಜಾಝಿನ ಪದ್ಧತಿ ಹಾಗೆ. ಹಾಡಿನ ದಾರಿ, ಅದರ ಉದ್ದ ಇಬ್ಬರಿಗೂ ಒಂದೇ. ನಾನು ನನ್ನ ಮನಸ್ಸಿಗೆ ಬಂದಂತೆ ಒಂದು ಸುತ್ತು ಊದಿ ನಿಲ್ಲಿಸಬೇಕು, ಮುಂದಿನ ಸುತ್ತು ಅವರದ್ದು. ನಿಲ್ಲಿಸುವುದೇ ಕಷ್ಟ. ಅವರ ಸುತ್ತಿನೊಳಗೆ ಕಾಲಿಟ್ಟರೆ ನನ್ನ ಮಂಡಿಗೆ ಪೆಟ್ಟು ಬೀಳುತ್ತಿತ್ತು.

ಕಳೆದ ವರ್ಷ ಮಣಿಪಾಲದ ಡಾಕ್ಟರು ಅವರ ಶ್ವಾಸಕೋಶದ ಚಿತ್ರ ನೋಡಿ, ಇನ್ನು ಊದುವಂತಿಲ್ಲ ಎಂದರು. ಮನೆಗೆ ಆಕ್ಸಿಜನ್ ಯಂತ್ರ ಬಂತು. ಜೀವಮಾನವಿಡೀ ಊದಿದವರಿಗೆ ಈಗ ಯಂತ್ರ ಊದುತ್ತಿತ್ತು.

ಒಂದು ಸಂಜೆ ಮಾಸ್ಟ್ರು ಹೇಳಿದರು, "ನಾವಿಬ್ಬರೂ ಊದುತ್ತಿದ್ದ ಆ ನಿಧಾನದ ಹಾಡು ಉಂಟಲ್ಲ, ಅದನ್ನು ನೀನು ನನ್ನ ಮರಣಕ್ಕೆ ಊದಬೇಕು."

ಆಯಿತು ಎಂದೆ.

"ಆಗ ನನಗೆ ಕೇಳುವುದಿಲ್ಲ ಅಲ್ವಾ? ಈಗಲೇ ಒಮ್ಮೆ ಊದು."

"ನಿಮ್ಮ ಸುತ್ತು ಯಾರು ಊದುವುದು ಮಾಸ್ಟ್ರೇ?"

"ಖಾಲಿ ಬಿಡು. ತುಂಬಿಸಲಿಕ್ಕೆ ಹೋಗಬೇಡ."

ಜಗಲಿಯಲ್ಲಿ ನಿಂತು ಊದಿದೆ. ನನ್ನ ಸುತ್ತು ಮುಗಿಸಿ ನಿಲ್ಲಿಸಿದಾಗ ಅವರ ಬೆರಳುಗಳು ಕುರ್ಚಿಯ ಕೈಯ ಮೇಲೆ ಓಡತೊಡಗಿದವು. ಸದ್ದೆಂದರೆ ಯಂತ್ರದ್ದು ಮಾತ್ರ. ಅವರು ಏನು ನುಡಿಸುತ್ತಿದ್ದಾರೆಂದು ನನಗೆ ಪೂರ್ತಿ ಗೊತ್ತಾಗುತ್ತಿತ್ತು, ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಅಂಗಳಕ್ಕೆ ಬಂದರು. "ಎಂತ ಮಾಸ್ಟ್ರೇ, ಐರಿನ್‌ದು ರೋಸಾ? ನಮಗೆ ಒಂದು ಮಾತು ಹೇಳಲಿಲ್ಲ." ರೋಸ್ ಎಂದರೆ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ನಲವತ್ತು ದಾಟಿದ ಐರಿನ್ ಮುಖ ತಿರುಗಿಸಿ ಒಳಗೆ ಹೋದಳು.

ಮಾಸ್ಟ್ರು ಉಸಿರು ಕೂಡಿಸಿಕೊಂಡು, "ಅವಳದ್ದಲ್ಲ ಗಿರಿಜಕ್ಕ, ನನ್ನದು. ಕೂತುಕೊಳ್ಳಿ" ಎಂದರು.

ಗಿರಿಜಕ್ಕ ಯಂತ್ರ ನೋಡಿದರು, ಮೂಗಿನ ನಳಿಕೆ ನೋಡಿದರು. ತಲೆಯ ಮಲ್ಲಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕುಳಿತರು.

ಮಳೆಗಾಲ ಮುಗಿಯುವ ಮೊದಲೇ ಮಾಸ್ಟ್ರು ತೀರಿಕೊಂಡರು. ಇಗರ್ಜಿಯ ಹಿಂದಿನ ಸಮಾಧಿಯ ಜಾಗದಲ್ಲಿ ನನ್ನ ಸುತ್ತು ಊದಿ ನಿಲ್ಲಿಸಿದೆ. ಬ್ಯಾಂಡಿನವನೊಬ್ಬ ಮೊಣಕೈಯಿಂದ ತಿವಿದು "ಮರೆತುಹೋಯಿತಾ?" ಎಂದ. ನಾನು ಅಲ್ಲಾಡಲಿಲ್ಲ. ಮುಗಿಯಿತೆಂದುಕೊಂಡ ಫಾದರ್ ಪ್ರಾರ್ಥನೆ ಶುರುಮಾಡಿದರು. ಮಾಸ್ಟ್ರ ಸುತ್ತು ಕಳೆದು ನನ್ನದು ಬಂತು, ಫಾದರ್ ನಿಲ್ಲಿಸಲಿಲ್ಲ. ಅವರ ಮಂಡಿಗೆ ಪೆಟ್ಟು ಕೊಡಬೇಕಾದವರು ಪೆಟ್ಟಿಗೆಯಲ್ಲಿ ಮಲಗಿದ್ದರು. ಉಳಿದ ಸುತ್ತು ನನ್ನ ಬಾಯಲ್ಲೇ ಉಳಿಯಿತು.

ಮರುದಿನ ಕಾಪುವಿನಲ್ಲಿ ಮದುವೆ. ಧಾರೆಯಾಗಿ ಜನರೆಲ್ಲ ಊಟಕ್ಕೆ ಎದ್ದ ಮೇಲೆ, ಖಾಲಿ ಕುರ್ಚಿಗಳ ಮುಂದೆ ಆ ಉಳಿದ ಸುತ್ತನ್ನು ಊದಿ ಮುಗಿಸಿದೆ. ಎದ್ದು ಹೋಗಲಾರದೆ ಕುಳಿತಿದ್ದ ಮದುಮಗಳ ಅಜ್ಜ, "ಚಂದ ಉಂಟು. ಯಾವ ಸಿನಿಮಾದ್ದು?" ಎಂದು ಕೇಳಿದರು.

ನನ್ನದು ಎಂದೆ.