ಒಂದು ಕುರ್ಚಿಯ ಕಂಪ್ಯೂಟರ್ ಕ್ಲಾಸು

ವರ್ಷ ಎಂಬತ್ತೇಳೋ ಎಂಬತ್ತೆಂಟೋ, ಖಚಿತವಿಲ್ಲ. ಮಾತುಗಳೂ ನಾನು ಬರೆದಷ್ಟು ನೇರವಾಗಿ ಇದ್ದಿರಲಾರವು. ಸಿಟ್ಟು ನೆನಪನ್ನು ತಿದ್ದಿಬಿಡುತ್ತದೆ. ಆದರೆ ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಅನುಮಾನವಿಲ್ಲ.

ತುಮಕೂರಿನಲ್ಲಿ ಚಿಕ್ಕಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಕಂಪ್ಯೂಟರ್ ಕ್ಲಾಸನ್ನೂ ಶುರು ಮಾಡುವ ಮನಸ್ಸಾದಾಗ, ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನಗೆ ಯಾವ ಕಂಪ್ಯೂಟರ್ ತರಬೇಕೆಂದು ವಿಚಾರಿಸಲು ಹೇಳಿದರು. ಕಲಿಸುವ ಕೆಲಸವೂ ನನ್ನದೇ. ಬೆಂಗಳೂರಿನ ಅಂಗಡಿಗಳನ್ನು ಸುತ್ತಿ, ಕಂಪ್ಯೂಟರನ್ನು ನಡೆಸುವ ತಂತ್ರಾಂಶಗಳಾದ ಡಾಸ್ ಮತ್ತು ಯುನಿಕ್ಸ್ ಎರಡನ್ನೂ ಹೋಲಿಸಿ ನೋಡಿದೆ. ಡಾಸ್ ಅಗ್ಗ, ಕಲಿಯುವುದು ಸುಲಭ, ಆದರೆ ಒಂದು ಯಂತ್ರಕ್ಕೆ ಒಬ್ಬರೇ. ಯುನಿಕ್ಸ್ ದುಬಾರಿ, ಕಷ್ಟ ಕೂಡ. ಆದರೆ ಒಂದೇ ಯಂತ್ರಕ್ಕೆ ನಾಲ್ಕು ಪರದೆ, ನಾಲ್ಕು ಕೀಬೋರ್ಡ್ ಜೋಡಿಸಿದರೆ ನಾಲ್ವರು ಒಟ್ಟಿಗೆ ಕಲಿಯಬಹುದು. ನಾಲ್ಕು ಡಾಸ್ ಯಂತ್ರ ಕೊಳ್ಳುವುದಕ್ಕಿಂತ ಅದೇ ಕಡಿಮೆಗೆ ಬೀಳುತ್ತಿತ್ತು.

“ಡಾಸ್‌ನ ಯಾರ ಹತ್ರನಾದ್ರೂ ಫ್ಲಾಪಿಲಿ ಕಾಪಿ ಮಾಡ್ಕಂಡ್ರೆ ಆಯ್ತಂತಲ್ಲ,” ಎಂದರು ಚಿಕ್ಕಪ್ಪ. “ಕಣ್ಣಿಗೆ ಕಾಣದ ಸಾಮಾನಿಗೆ ಯಾರವ್ವ ದುಡ್ಡು ಕೊಡ್ತಾರೆ?”

ಒಂದೇ ಒಂದು ಡಾಸ್ ಯಂತ್ರ ಬಂತು.

ಮೊದಲು ಬಂದವರು ಮೊದಲು ಕೂರುವುದು ಟೈಪಿಂಗ್ ಕ್ಲಾಸಿನ ರೂಢಿ. ಅಲ್ಲಿ ಯಂತ್ರಗಳು ಸಾಲಾಗಿದ್ದವು, ನಡೆಯುತ್ತಿತ್ತು. ಇಲ್ಲಿ ಹತ್ತಿರದ ಬೀದಿಯ ಹುಡುಗರು ಮೊದಲೇ ಬಂದು ಕೂತರೆ ಏಳುತ್ತಿರಲಿಲ್ಲ. ಗುಬ್ಬಿ, ಕುಣಿಗಲ್‌ನಿಂದ ಬರುವ ಹುಡುಗಿಯರು ಹಿಂದೆ ನಿಂತು ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಿದ್ದರು.

“ಮಿಸ್, ನಾನು ಫೀಸ್ ಕಟ್ಟಿರೋದು ಇವನ ಬೆನ್ನು ನೋಡಕ್ಕಾ?” ಎಂದಳು ಕುಣಿಗಲ್ಲಿನವಳು.

ಕುರ್ಚಿಯಲ್ಲಿದ್ದ ಹುಡುಗನನ್ನು ನಾನು ಎಬ್ಬಿಸಿದೆ. ಚಿಕ್ಕಪ್ಪ ಒಳಗೆ ಬಂದು ಮತ್ತೆ ಕೂರಿಸಿದರು. “ಅವನು ನಾಳೆ ಕೆಲಸಕ್ಕೆ ಹೋಗೋನು ಕಣಮ್ಮ. ಇವರು ನೋಡ್ಕಂಡೇ ಕಲೀತಾರೆ ಬುಡು. ಅಡುಗೆ ಕಲಿಯಕ್ಕೆ ಒಬ್ಬೊಬ್ಬರಿಗೂ ಒಂದೊಂದು ಒಲೆ ಹಚ್ಚಿಕೊಡ್ತಾರಾ?”

ಹುಡುಗರು ನಕ್ಕರು. ಆ ನಗು ಈಗಲೂ ಮೈ ಉರಿಸುತ್ತದೆ. ನಾನು ಮಾಡಿದ ಡಾಸ್-ಯುನಿಕ್ಸ್ ಹೋಲಿಕೆಯನ್ನು ಮೂಲೆಗೆ ಎಸೆದ ಅವಮಾನವೇ ಹುಡುಗಿಯರ ಹೆಸರು ಹೇಳಿಕೊಂಡು ಉರಿಯುತ್ತಿದೆಯೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಸ್ವಲ್ಪ ಹಾಗೂ ಇರಬಹುದು. ಅಷ್ಟಕ್ಕೆ ಆದ ಅನ್ಯಾಯ ಸುಳ್ಳಾಗುವುದಿಲ್ಲ.

ಕೋರ್ಸು ಮುಗಿದಾಗ ಎಲ್ಲರಿಗೂ ಒಂದೇ ಥರದ ಸರ್ಟಿಫಿಕೇಟು. ಸೀಲು ಒತ್ತುತ್ತಿದ್ದ ಚಿಕ್ಕಪ್ಪನನ್ನು ಅಂದು ಕೇಳಿದೆ.

“ಕೀ ಮೇಲೆ ಬೆರಳೇ ಇಡದ ಹುಡುಗೀರಿಗೆ ಕಲ್ತಿದಾರೆ ಅಂತ ಸಹಿ ಹಾಕಿದೀರಲ್ಲ ಚಿಕ್ಕಪ್ಪ, ನಾಳೆ ಯಾರಾದ್ರೂ ಕಂಪ್ಯೂಟರ್ ಮುಂದೆ ಕೂರಿಸಿ, ಎಲ್ಲಿ ಮಾಡಿ ತೋರ್ಸಮ್ಮ ಅಂದ್ರೆ ಅವರು ಏನು ಮಾಡಬೇಕು?”