ಹಿತ್ತಲಿಗೆ ಬಂದ ಒಗೆಯುವ ಪೀಪಾಯಿ

ಆ ಯಂತ್ರ ಕೊಪ್ಪಳದ ಸ್ಟೇಷನ್ನಿನಿಂದ ನಮ್ಮ ಮನೆಗೆ ಎತ್ತಿನ ಗಾಡಿಯಲ್ಲಿ ಬಂತು. ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗೋಣಿತಾಟಿನಲ್ಲಿ ಸುತ್ತಿ ಹಗ್ಗ ಬಿಗಿದಿದ್ದ ಅದು ಗಾಡಿಯ ಮೇಲೆ ಕೂತ ದಪ್ಪ ಮನುಷ್ಯನಂತೆ ಕಾಣುತ್ತಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಒಬ್ಬರು ಕಬ್ಬಿನ ಗಾಣ ಅಂದರು, ಇನ್ನೊಬ್ಬರು ಬೆಣ್ಣೆ ಕಡೆಯುವ ಪೀಪಾಯಿ ಅಂದರು. ಸ್ಟೇಷನ್ನಿನ ಸುಂಕದ ಗುಮಾಸ್ತನೂ ಬೆಣ್ಣೆಯ ಯಂತ್ರವೆಂದೇ ತಿಳಿದಿದ್ದನಂತೆ. ಅದು ಬಟ್ಟೆ ಒಗೆಯುವುದು ಎಂದು ನನ್ನ ಗಂಡ ಆಗಿನ ಕಚೇರಿಯ ಮಾತಾದ ಉರ್ದುವಿನಲ್ಲಿ ಹೇಳಿದಾಗ ಅವನು ಮುಚ್ಚಳ ತೆಗೆದು, ಒಳಗೆ ತಲೆ ಹಾಕಿ, ಒಗೆಯುವವರು ಎಲ್ಲಿ ಕೂಡುತ್ತಾರೆ ಎಂದು ಕೇಳಿದನಂತೆ.

ನನ್ನ ಗಂಡ ಊರ ಹೊರಗಿನ ಹತ್ತಿ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ತಿರುಗುವ ಯಾವ ವಸ್ತುವನ್ನು ಕಂಡರೂ ಅವರಿಗೆ ಮನಸ್ಸು ತಡೆಯುತ್ತಿರಲಿಲ್ಲ. ಗಡಿಯಾಚೆ, ಇಂಗ್ಲಿಷರ ಆಡಳಿತದಲ್ಲಿದ್ದ ಹೊಸಪೇಟೆಯಲ್ಲಿ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವಾಗ ಮನೆ ಸಾಮಾನು ಹರಾಜು ಹಾಕಿದ್ದ. ಕುರ್ಚಿ ಮೇಜುಗಳನ್ನು ಬೇರೆಯವರು ಕೊಂಡರು. ಇವರು ಇದನ್ನು ತಂದರು.

ತರುವುದಕ್ಕೆ ಕಾರಣವೂ ಇತ್ತು. ಅದು ಯುದ್ಧದ ಕಾಲ. ಅಂಗಡಿಯಲ್ಲಿ ಹೊಸ ಧೋತರ ಸಿಗುವುದೇ ಕಷ್ಟವಾಗಿತ್ತು. ನಮ್ಮತ್ತೆ ಕಲ್ಲಿನ ಮೇಲೆ ಬಟ್ಟೆ ಎತ್ತಿ ಬಡಿದರೆ ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಅವರ ಕೈಯಲ್ಲಿ ಧೋತರ ಬೆಳ್ಳಗಾಗುವುದೂ ಹರಿಯುವುದೂ ಒಟ್ಟೊಟ್ಟಿಗೇ ನಡೆಯುತ್ತಿತ್ತು.

ಗೋಣಿತಾಟು ಬಿಚ್ಚಿದೆವು. ಕಬ್ಬಿಣದ ಪಟ್ಟಿ ಬಿಗಿದ ಮರದ ಪೀಪಾಯಿ, ಅದಕ್ಕೆ ನಾಲ್ಕು ಕಾಲು, ಮೇಲೊಂದು ಮುಚ್ಚಳ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ಮರದ ರೆಕ್ಕೆ ಅತ್ತ ಒಮ್ಮೆ ಇತ್ತ ಒಮ್ಮೆ ಹೊರಳುತ್ತಿತ್ತು. ಪೀಪಾಯಿಯ ಅಂಚಿಗೆ ಎರಡು ರಬ್ಬರಿನ ಉರುಳೆಗಳಿದ್ದವು. ಒದ್ದೆ ಬಟ್ಟೆಯ ತುದಿಯನ್ನು ಅವುಗಳ ನಡುವೆ ಕೊಟ್ಟು ತಿರುಗಿಸಿದರೆ ಆ ಕಡೆ ಹಿಂಡಿ ಹೊರಬರುತ್ತದೆ ಎಂದು ಗಂಡ ಹೇಳಿದರು. ನಾನು ಬರೀ ಉರುಳೆಗಳನ್ನೇ ತಿರುಗಿಸಿ ನೋಡಿದೆ. ಆವತ್ತೇ ಒಗೆಯಬೇಕು ಅನ್ನಿಸಿತು, ಆದರೆ ಮನೆಯ ಬಟ್ಟೆಯೆಲ್ಲ ಬೆಳಿಗ್ಗೆಯೇ ಒಗೆದು ಹಗ್ಗದ ಮೇಲಿತ್ತು.

ಅತ್ತೆ ದೂರದಿಂದಲೇ ನೋಡಿ, "ಇದಕ ಕೈ ಇಲ್ಲ, ಕಣ್ಣಿಲ್ಲ. ಕೊಳಿ ಎಲ್ಲಿ ಐತಿ ಅಂತ ಇದಕ ಹೆಂಗ ತಿಳಿಬೇಕು?" ಅಂದರು.

ಮನೆಯಲ್ಲಿ ಬಟ್ಟೆ ಒಗೆಯುವವರು ನಾವು ಮೂವರು: ಅತ್ತೆ, ನನ್ನ ನೆಗೆಣ್ಣಿ, ನಾನು. ನೆಗೆಣ್ಣಿ ಎಂದರೆ ನನ್ನ ಭಾವನ ಹೆಂಡತಿ. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಮೂವರದೂ ಮೂರು ಊರಿನ ರೂಢಿ. ಅತ್ತೆಯ ತವರು ಗಂಗಾವತಿ ಕಡೆ. ಅಲ್ಲಿ ಕಾಲುವೆಯಲ್ಲಿ ಸಿಹಿನೀರು ಹರಿಯುತ್ತದೆ. ಒಂದು ಬಟ್ಟೆ ಬಡಿದು, ಹರಿಯುವ ನೀರಿಗೆ ಬಿಟ್ಟು, ಎತ್ತಿ ಹಿಂಡಿದರೆ ಕೊಳೆ ತಾನೇ ಮುಂದೆ ಹೋಗುತ್ತದೆ. ಅಕ್ಕನ ತವರು ಯಲಬುರ್ಗಾ. ಆಳದ ಬಾವಿ, ಸವಳು ನೀರು, ಒಂದೊಂದು ಕೊಡಕ್ಕೂ ರಟ್ಟೆ ನೋಯುತ್ತಿತ್ತು. ಅಲ್ಲಿಯವರು ಬೂದಿ ಕಲಸಿ ಸೋಸಿದ ನೀರಿನಲ್ಲಿ ರಾತ್ರಿಯೇ ಬಟ್ಟೆ ನೆನೆಹಾಕಿ, ಬೆಳಿಗ್ಗೆ ದೊಡ್ಡ ಗಡಿಗೆಯಲ್ಲಿ ಎಲ್ಲವನ್ನೂ ಒತ್ತಿ ತುಂಬಿ ಕುದಿಸುತ್ತಿದ್ದರು. ನನ್ನ ತವರು ಕುಷ್ಟಗಿ. ಸುತ್ತಮುತ್ತ ಮಗ್ಗದವರು, ಮನೆಮನೆಗೂ ರೇಷ್ಮೆ ಸೆರಗಿನ ಸೀರೆ. ನನ್ನವ್ವ ಅಂಟವಾಳಕಾಯಿಯ ನೊರೆಯಲ್ಲಿ ಸೀರೆಯನ್ನು ಕೂಸಿಗೆ ಎರೆದಂತೆ ಮೆಲ್ಲಗೆ ಅದ್ದಿ ತೆಗೆಯುತ್ತಿದ್ದಳು, ಬಡಿಯುತ್ತಲೂ ಇರಲಿಲ್ಲ, ಹಿಂಡುತ್ತಲೂ ಇರಲಿಲ್ಲ.

ಮರುದಿನ ಮೊದಲ ಸರದಿ ಅತ್ತೆಯದು. ಅವರು ಇಡೀ ಪೀಪಾಯಿ ತುಂಬ ನೀರು ಹೊಯ್ಯಿಸಿ, ಅದರಲ್ಲಿ ಮಾವನ ಒಂದೇ ಒಂದು ಧೋತರ ಬಿಟ್ಟರು. ಸ್ವಲ್ಪ ತಿರುಗಿಸುವುದು, ಮುಚ್ಚಳ ತೆಗೆದು ನೋಡುವುದು, ಮತ್ತೆ ತಿರುಗಿಸುವುದು. ಅಗಲವಾದ ನೀರಿನಲ್ಲಿ ಧೋತರ ರೆಕ್ಕೆಗೆ ಸುತ್ತಿಕೊಂಡು ಹಗ್ಗದಂತಾಯಿತು.

"ನಿಂತ ನೀರಿನಾಗ ಹೊಲಸು ಅಲ್ಲೇ ಸುತ್ತತೈತಿ. ಇದು ಒಗಿಯೂದಲ್ಲ, ಕಲಸೂದು," ಅಂದರು ಅತ್ತೆ. ಧೋತರವನ್ನು ಬಿಡಿಸಿಕೊಂಡು ಕಲ್ಲಿಗೆ ಹೋದರು.

ಅಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು. ಅರ್ಧ ಕೊಡ ಬೂದಿನೀರು ಹಾಕಿ, ಮನೆಯವರ ಬಟ್ಟೆಯನ್ನೆಲ್ಲ ಮೊಳಕೈಯಿಂದ ಒತ್ತಿ ತುಂಬಿದಳು. ಹಿಡಿಕೆ ಕದಲಲಿಲ್ಲ. ನನ್ನ ಗಂಡ ಬಂದು ಎಳೆದರು, ಭಾವನೂ ಬಂದು ಎಳೆದರು. ಪೀಪಾಯಿಯೇ ಕಾಲೆತ್ತಿ ವಾಲಿತು, ರೆಕ್ಕೆ ಮಾತ್ರ ಹೊರಳಲಿಲ್ಲ.

"ಇದೇನು ಹತ್ತಿ ಅಂಡಿಗಿ ಕಟ್ಟೂದು ಅಂತ ತಿಳಿದೀಯೇನ?" ಅಂದರು ಭಾವ.

"ನೀರು ಕೆಡವೂದು ನನ್ನ ಕೈಲಿ ಆಗೂದಿಲ್ಲರಿ. ನೀವು ಸೇದಿ ನೋಡ್ರಿ, ಆಮ್ಯಾಲ ನಗ್ರಿ," ಅಂದಳು ಅಕ್ಕ.

ಕೊನೆಗೆ ನನ್ನ ಸರದಿ. ನಾನು ತವರಿನಿಂದ ತಂದಿದ್ದ ಅಂಟವಾಳಕಾಯಿಯನ್ನು ಜಜ್ಜಿ, ಬಿಸಿನೀರಿನಲ್ಲಿ ಹಿಸುಕಿ, ಕೈಬಿಚ್ಚಿ ಹೊಯ್ದೆ. ನನ್ನವ್ವ ತೋಯಿಸುತ್ತಿದ್ದದ್ದು ಒಂದೇ ಸೀರೆ, ಮೆಲ್ಲಗೆ. ಇಲ್ಲಿ ರೆಕ್ಕೆ ಹೊರಳತೊಡಗಿದ ಕೂಡಲೇ ಮುಚ್ಚಳ ತಾನೇ ಮೇಲೆದ್ದಿತು. ಅದರ ಕೆಳಗಿನಿಂದ ನೊರೆ ಇಣುಕಿ, ಉಬ್ಬಿ, ಪೀಪಾಯಿಯ ಮೈಮೇಲೆ ಇಳಿಯಿತು. ಹಿಡಿಕೆ ಬಿಡಬೇಕೆಂದು ತಿಳಿಯುವ ಹೊತ್ತಿಗೆ ಅದು ತುಳಸಿಕಟ್ಟೆಯ ತನಕ ಹೋಗಿತ್ತು. ಬಚ್ಚಲಿನಿಂದ ಹೊರಬಂದ ಮಾವ ಮೊಣಕಾಲವರೆಗೆ ನೊರೆಯಲ್ಲಿ ನಿಂತರು. ಮಾವನ ಮುಂದೆ ನಾನು ಆವರೆಗೆ ತಲೆಯೆತ್ತಿ ಮಾತಾಡಿದವಳಲ್ಲ.

ಮಾವ ಒಂದು ಕಾಲು ಎತ್ತಿ ನೋಡಿಕೊಂಡರು, ಇನ್ನೊಂದು ಕಾಲು ಎತ್ತಿ ನೋಡಿಕೊಂಡರು. "ಛಲೋ ಆತು ಬಿಡವ್ವಾ. ಹಿತ್ತಲದಾಗ ಕಲ್ಲು ಹಾಸಿ ಎಷ್ಟೋ ವರ್ಷ ಆಗಿತ್ತು, ಇವತ್ತ ತೊಳದಂಗಾತು," ಅಂದು ಒಳಗೆ ಹೋದರು. ಅವರು ಹೋದ ಮೇಲೆ ಅತ್ತೆ ನಕ್ಕರು. ಆ ಮನೆಯಲ್ಲಿ ಅತ್ತೆ ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ದಿನಾ ಒಂದೊಂದು ಕಲಿತೆವು. ಅಕ್ಕನ ಬೂದಿನೀರಿನಲ್ಲಿ ರಾತ್ರಿ ನೆನೆಯಿಟ್ಟರೆ ಯಂತ್ರಕ್ಕೆ ಅರ್ಧ ಕೆಲಸ ಕಡಿಮೆ. ಅಂಟವಾಳದ್ದು ಒಂದು ಬೊಗಸೆ ಸಾಕು. ಬಟ್ಟೆ ನೀರಿನಲ್ಲಿ ಸಡಿಲಾಗಿ ಓಡಾಡುವಷ್ಟು ಜಾಗ ಬಿಡಬೇಕು. ಎಷ್ಟು ಹೊತ್ತು ತಿರುಗಿಸಬೇಕು ಎಂಬುದಕ್ಕೆ ಅಕ್ಕ ಬೀಸುವ ಹಾಡನ್ನೇ ಅಳತೆ ಮಾಡಿಕೊಂಡಳು. ಧೋತರಕ್ಕೆ ಒಂದು ಹಾಡು, ಹೊಲಕ್ಕೆ ಉಟ್ಟುಹೋದ ಬಟ್ಟೆಗೆ ಎರಡು, ಕೌದಿಗೆ ದನಿ ಸೋಲುವ ತನಕ. ಮಾವನ ಅಂಗಿಯನ್ನು ನಾನು ನೋಡದೆ ಉರುಳೆಗೆ ಕೊಟ್ಟೆ. ಗುಂಡಿಗಳು ಪಟಪಟ ಸಿಡಿದು ಒಂದು ಬಾವಿಗೇ ಬಿತ್ತು. ಅಂದಿನಿಂದ ಗುಂಡಿಯನ್ನು ಒಳಗೆ ಮಡಚಿ ಕೊಡುವುದು ಕಲಿತೆ. ಒದ್ದೆ ಸೀರೆ ಉರುಳೆಗಳ ನಡುವೆ ಹೋಗಿ ಆ ಕಡೆ ಹಪ್ಪಳದಂತೆ ಚಪ್ಪಟೆಯಾಗಿ ಬರುವುದನ್ನು ಎಷ್ಟು ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ಓಣಿಯ ಗೆಳತಿಯರು ತಮ್ಮ ಸೀರೆ ತಂದು, "ನನ್ನದೊಂದು ಉರುಳಿಗೆ ಕೊಡು ತಂಗಿ, ಹೆಂಗ ಬರ್ತೈತಿ ನೋಡೂಣು," ಅನ್ನುತ್ತಿದ್ದರು.

ಜಗಳ ಬಂದದ್ದು ನೀರಿನಿಂದ. ನಮ್ಮ ಬಾವಿಯದು ಸವಳು, ಸಬಕಾರಕ್ಕೆ ನೊರೆಯೇ ಬರದು. ಕೆರೆಯಿಂದ ಹೊತ್ತು ತಂದ ಸಿಹಿನೀರನ್ನು ಒಂದು ಸಲದ ಬಟ್ಟೆಗೇ ಚೆಲ್ಲುವಂತಿರಲಿಲ್ಲ. ಒಂದೇ ನೀರಿನಲ್ಲಿ ಒಂದಾದ ಮೇಲೆ ಒಂದು ಹಾಕಬೇಕು. ಯಾರದು ಮೊದಲು? ಕಲ್ಲಿನ ಮೇಲೆ ಒಗೆಯುವಾಗ ಈ ಪ್ರಶ್ನೆಯೇ ಇರಲಿಲ್ಲ. ಅತ್ತೆ ಸಾಲು ಹಚ್ಚಿದರು: ಮೊದಲು ಮಾವನ ಧೋತರ ರುಮಾಲು, ಆಮೇಲೆ ಗಂಡುಮಕ್ಕಳದು, ಆಮೇಲೆ ಅತ್ತೆಯ ಸೀರೆ, ಕೊನೆಗೆ ಸೊಸೆಯಂದಿರದು. ನಮ್ಮ ಸರದಿ ಬರುವಷ್ಟರಲ್ಲಿ ನೀರು ಎರೆಮಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು.

ಒಂದು ದಿನ ಅಕ್ಕ ತನ್ನ ಹಳದಿ ಸೀರೆಯನ್ನು ಕೈಯಲ್ಲಿ ಹಿಡಿದು ಪೀಪಾಯಿಯೊಳಗೆ ನೋಡುತ್ತ ನಿಂತಳು. ಹಾಕಲಿಲ್ಲ.

"ಅತ್ತಿ, ಒಂದು ಮಾತು ಕೇಳ್ಲೇನ್ರಿ? ನೀರು ತಂದವರು ನಾವು, ತಿರುಗಿಸಿದವರು ನಾವು. ನಮ್ಮ ಸೀರಿ ಯಾವಾಗ್ಲೂ ಕೆಸರಿನಾಗನ ಬೀಳಬೇಕೇನ್ರಿ?"

ಅತ್ತೆ ತಮ್ಮ ಸೀರೆಯನ್ನು ಹಗ್ಗಕ್ಕೆ ಹರವಲು ಹೋದರು. ಅಕ್ಕ ಸೀರೆಯನ್ನು ಕಲ್ಲಿನ ಮೇಲೆ ಒಯ್ದು ಬಾವಿಯ ಸವಳು ನೀರಿನಲ್ಲೇ ಒಗೆದುಕೊಂಡಳು. ಅದಾದ ಮೇಲೆ ಕೆಲವು ದಿನ ಇಬ್ಬರ ನಡುವೆ ಮಾತು ಕಡಿಮೆಯಾಯಿತು, ನಾನು ನಡುವೆ ನಿಂತು ಸುಮ್ಮನೆ ಹಿಡಿಕೆ ತಿರುಗಿಸುತ್ತಿದ್ದೆ.

ಆ ಹೊತ್ತಿಗೆ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು, ಅಳವಂಡಿಯಿಂದ ಹೆರಿಗೆಗೆ ಬಂದಳು. ಬಂದ ತಿಂಗಳಲ್ಲೇ ಹೆತ್ತಳು, ಅವಳಿ ಮಕ್ಕಳು. ಮೊದಲ ಕೂಸು ಹೊರಬಂದ ಮೇಲೆ ಸೂಲಗಿತ್ತಿ ಬಾಗಿಲಿಗೆ ಬಂದು, "ಇನ್ನೊಂದು ಐತ್ರಿ," ಎಂದಳು. ಮಾವ ಕೂತಲ್ಲಿಂದ ಎದ್ದು ಮತ್ತೆ ಕೂತರು. ಮನೆಯಲ್ಲಿ ಹಬ್ಬ. ಅದೇ ವಾರ ಉತ್ತರಿ ಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ಮಳೆ ಬಂದರೆ ಒಂದು ಗಳಿಗೆ ಬಂದು ಹೋಗುವುದು, ಆ ಸಲ ಬಿಡಲೇ ಇಲ್ಲ. ಎರಡು ಕೂಸು, ಒಬ್ಬ ಬಾಣಂತಿ. ಮೂಲೆಯಲ್ಲಿ ಒದ್ದೆ ಬಟ್ಟೆ ಗುಡ್ಡೆ ಬಿತ್ತು. ಕೆರೆಯ ದಾರಿಯಲ್ಲಿ ಕೆಸರಿಗೆ ಕಾಲಿಡುವಂತಿಲ್ಲ. ಒಳಗೆ ಒಣಗಿದ ತುಂಡು ಬಟ್ಟೆ ಮುಗಿದುಹೋಗಿ, ಅತ್ತೆ ತಮ್ಮ ಹಳೆಯ ಸೀರೆ ಹರಿದು ಕೂಸಿಗೆ ಹಾಸಿದರು.

ಎರಡನೆಯ ದಿನ ಮಧ್ಯಾಹ್ನ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ನಮ್ಮದು ಮಣ್ಣಿನ ಮಾಳಿಗೆ. ಮಾಳಿಗೆಯ ನೀರು ಹೊರಗೆ ಬೀಳಲು ತಗಡಿನ ದೋಣಿ ಇತ್ತು. ಎರಡು ದಿನದ ಮಳೆಗೆ ಮೇಲಿನ ಸಡಿಲ ಮಣ್ಣೆಲ್ಲ ತೊಳೆದುಹೋಗಿ ಅದರಿಂದ ಕೈಗಾತ್ರದ ತಿಳಿನೀರು ಸುರಿಯುತ್ತಿತ್ತು.

"ತಂಗಿ, ಬಾ ಇಲ್ಲಿ. ಆ ಕಡಿ ಹಿಡಿ," ಅಂದಳು.

ಇಬ್ಬರೂ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಪೀಪಾಯಿಯನ್ನು ಎಳೆದು ದೋಣಿಯ ಕೆಳಗೆ ನಿಲ್ಲಿಸಿದೆವು. ನೋಡುತ್ತಿದ್ದಂತೆ ತುಂಬಿತು. ಸೇದಿದ್ದಿಲ್ಲ, ಹೊತ್ತದ್ದಿಲ್ಲ. ಕೂಸಿನ ಬಟ್ಟೆಯನ್ನು ದೋಣಿಯ ಧಾರೆಗೆ ಹಿಡಿದು ಹೊಲಸು ತೆಗೆದು ಒಳಗೆ ಬಿಟ್ಟೆವು. ಮಳೆಯ ನೀರಿಗೆ ಒಂದು ಚೂರು ಸಬಕಾರ ಬಿದ್ದರೆ ಸಾಕು, ಹಾಲಿನಂಥ ನೊರೆ. ಅಕ್ಕ ಹಾಡು ಹಿಡಿದಳು, ಮಳೆಯ ಸದ್ದಿಗೆ ಕೇಳದೆಂದು ನಾನೂ ದನಿ ಕೂಡಿಸಿದೆ. ಮುಗಿದ ಕೂಡಲೇ ನೀರು ಚೆಲ್ಲಿದೆವು. ಹೌದು, ಚೆಲ್ಲಿದೆವು. ನೀರು ಚೆಲ್ಲುವುದರಲ್ಲಿ ಅಷ್ಟು ಸುಖವಿದೆಯೆಂದು ಯಲಬುರ್ಗಾದ ಅಕ್ಕನಿಗೆ ಅವತ್ತು ತಿಳಿಯಿತು. "ಇನ್ನೊಮ್ಮಿ ತುಂಬಲಿ, ಇನ್ನೊಮ್ಮಿ ಚೆಲ್ಲೂಣು," ಅನ್ನುತ್ತಿದ್ದಳು.

ಉರುಳೆಯಿಂದ ಬಂದ ತುಂಡು ಬಟ್ಟೆಗಳನ್ನು ಒಳಗೆ ಕೆಂಡದ ಮೇಲೆ ಕವುಚಿದ ಬಿದಿರಿನ ಬುಟ್ಟಿಗೆ ಹರವಿದರೆ ಬೇಗನೆ ಒಣಗುತ್ತಿದ್ದವು. ಅತ್ತೆ ಒಂದನ್ನು ಕೆನ್ನೆಗೆ ಒತ್ತಿ ನೋಡಿದರು. ಆಮೇಲೆ ತಾವೂ ಒಂದು ಗೋಣಿಚೀಲ ತಲೆಗೆ ಹಾಕಿಕೊಂಡು ಹಿತ್ತಲಿಗೆ ಇಳಿದರು. ನಾವು ಹೊಸ ನೀರು ಹಿಡಿದು, ರೂಢಿಯಂತೆ ಮಾವನ ಧೋತರ ಎತ್ತಿಕೊಂಡಿದ್ದೆವು.

"ಅದನ್ನ ಇಡು ಅತ್ಲಾಗ," ಅಂದರು ಅತ್ತೆ. "ನಿಮ್ಮ ಸೀರಿ ಎಲ್ಲಿ ಅದಾವ? ನಿಂದು ಆ ಹಳದಿ ಸೀರಿ ತಾ. ಅದು ಮೊದಲ ಬೀಳಲಿ."

ಅಕ್ಕ ಧೋತರವನ್ನು ಕೈಯಲ್ಲೇ ಹಿಡಿದು ಅತ್ತೆಯ ಮುಖ ನೋಡಿದಳು.

"ಹೋಗವ್ವಾ, ಮಳಿ ನಿಂತರ ನಾನೂ ಮತ್ತ ಹಳೀ ಅತ್ತಿ ಆಕ್ಕೇನಿ," ಅಂದರು.

ಅಕ್ಕ ಓಡಿಹೋಗಿ ಸೀರೆ ತಂದಳು, ನನ್ನದನ್ನೂ ತಂದಳು. ಅತ್ತೆಯೇ ಹಿಡಿಕೆ ತಿರುಗಿಸಿದರು, ಕಲ್ಲಿಗೆ ಬಡಿಯುವ ಅದೇ ಜೋರಿನಲ್ಲಿ. ಪೀಪಾಯಿ ಗಡಗಡ ನಡುಗಿತು. ಅವತ್ತು ಸಂಜೆಯವರೆಗೆ ನಾವು ಮೂವರೂ ಮೈಯೆಲ್ಲ ತೊಯ್ದು, ಮನೆಯಲ್ಲಿ ಕೊಳೆ ಬಟ್ಟೆ ಮುಗಿದ ಮೇಲೂ ಪೆಟ್ಟಿಗೆಯೊಳಗಿನ ದುಪ್ಪಟಿ ತೆಗೆತೆಗೆದು ಒಗೆದೆವು. ಮಳೆ ನಿಂತ ಮೇಲೆ ಅತ್ತೆ ಹಳೆಯ ಅತ್ತೆಯಾಗಲಿಲ್ಲ. ಕೆರೆಯ ನೀರಿಗೂ ಸರದಿ ಬಂತು: ಒಂದು ದಿನ ಗಂಡಸರದು ಮೊದಲು, ಮರುದಿನ ನಮ್ಮದು.

ಐದು ತಿಂಗಳು ತುಂಬಿ ನಾದಿನಿ ಗಂಡನ ಮನೆಗೆ ಹೊರಟಾಗ ತೊಟ್ಟಿಲು, ಬಾಣಂತಿಯ ಮಂಚ ಎಲ್ಲ ಗಾಡಿಗೇರಿದವು. ಅವಳು ಪೀಪಾಯಿಯ ಕಡೆ ಒಮ್ಮೆ ನೋಡಿದಳು. ಅತ್ತೆ ಕೂಡಲೇ, "ತೊಟ್ಟಿಲ ಒಯ್ಯಿ, ಎಮ್ಮಿ ಬೇಕಂದ್ರ ಎಮ್ಮಿ ಹೊಡಕೊಂಡು ಹೋಗು. ಅದನ್ನ ಮಾತ್ರ ಕೇಳಬ್ಯಾಡ," ಅಂದರು.

ಮುಂದೆ ಸುಗ್ಗಿಯ ಹೊತ್ತಿಗೆ ನಾನು ಅಳವಂಡಿಗೆ ಹೋದಾಗ, ಎರಡು ಕೂಸಿನ ಬಟ್ಟೆ ಹೇಗೆ ಒಗೆಯುತ್ತೀ ಎಂದು ನಾದಿನಿಯನ್ನು ಕೇಳಿದೆ. "ನಾಳಿ ಹೊಲಕ್ಕ ಬಾ, ವೈನಿ, ತೋರಸ್ತೀನಿ," ಅಂದಳು.

ಬೆಳಿಗ್ಗೆ ಹೊಲಕ್ಕೆ ಹೊರಟ ಗಾಡಿಯಲ್ಲಿ ಬೆಲ್ಲದ ಹಳೆಯ ಪೀಪಾಯಿಯೊಂದನ್ನು ಕಟ್ಟಿದ್ದರು. ಒಳಗೆ ಬಟ್ಟೆ, ಅರ್ಧ ನೀರು, ಒಂದು ಹಿಡಿ ಸೋಡಾ. ಹಿಡಿಕೆಯಿಲ್ಲ, ರೆಕ್ಕೆಯಿಲ್ಲ. ಎರೆಹೊಲದ ದಾರಿಯಲ್ಲಿ ಗಾಲಿ ಒಂದು ತಗ್ಗಿಗೆ ಇಳಿದು ಇನ್ನೊಂದಕ್ಕೆ ಏರುವಾಗ ಒಳಗೆ ನೀರು ಧಡಲ್ ಧಡಲ್ ಎಂದು ಹೊಡೆಯತೊಡಗಿತು. ನಾದಿನಿ ಒಂದು ಕೂಸನ್ನು ನನ್ನ ತೊಡೆಗೆ ಹಾಕಿ, ಇನ್ನೊಂದನ್ನು ತಾನು ಅವಚಿಕೊಂಡಳು.

"ಮುಚ್ಚಳಾ ಗಟ್ಟಿ ಹಿಡಿ ವೈನಿ, ಮುಂದ ಹಳ್ಳ ಐತಿ. ಅಲ್ಲೇ ಛಲೋ ಒಗೀತೈತಿ," ಅಂದಳು.

ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಮುಚ್ಚಳ. ಗಾಡಿ ಹಳ್ಳಕ್ಕೆ ಇಳಿಯಿತು. ನೀರು ಮುಚ್ಚಳದ ಸಂದಿಯಿಂದ ಚಿಮ್ಮಿ ನಮ್ಮ ಮುಖಕ್ಕೆ ಬಡಿಯಿತು, ಕೂಸು ಕೇಕೆ ಹಾಕಿ ನಕ್ಕಿತು. ಹೊಲದ ಬಾವಿಯ ಹತ್ತಿರ ಗಾಡಿ ನಿಂತಾಗ ಬಟ್ಟೆ ಬೆಳ್ಳಗಾಗಿತ್ತು. ಎತ್ತುಗಳು ನೀರೆಳೆಯುವ ಕಪಿಲೆಯ ಬಾನಿಯಿಂದ ಧುಮುಕುವ ನೀರಿನಲ್ಲಿ ಜಾಲಿಸಿ, ಜೋಳದ ದಂಟಿನ ಬಣವೆಯ ಮೇಲೆ ಹರವಿ, ನಾವು ಬುತ್ತಿ ಬಿಚ್ಚಿದೆವು.