ತೋಳೊಂದೇ ಬಾಕಿ

ಜೋಗುಪಾಳ್ಯದಲ್ಲಿ ನಮಗೊಬ್ಬಳು ಟೈಲರ್ ಇದ್ದಳು. ಯಾವಾಗ ಹೋದರೂ ಒಂದೇ ಉತ್ತರ: “ತೋಳೊಂದೇ ಬಾಕಿ ಆಂಟಿ.” ನನ್ನ ಬ್ಲೌಸ್ ಹೊಲಿಯುತ್ತ ಕುಳಿತವಳಿಗೆ ಪಕ್ಕದ ಲಂಗ ಕಣ್ಣಿಗೆ ಬೀಳುತ್ತಿತ್ತು; ಲಂಗ ಅರ್ಧವಾಗುವಷ್ಟರಲ್ಲಿ ಮೆಷಿನ್ನಿಗೆ ಎಣ್ಣೆ ಹಾಕಬೇಕೆನಿಸುತ್ತಿತ್ತು. ಎಣ್ಣೆ ಹುಡುಕಲು ಎದ್ದವಳು ಬೀದಿಯಲ್ಲಿ ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತಿರುತ್ತಿದ್ದಳು. ಕಳೆದುಹೋದ ಕತ್ತರಿ ಸಾಮಾನ್ಯವಾಗಿ ಅವಳ ಕಂಕುಳಲ್ಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಓಡಿ ಬಂದಳು. ಮೂರನೇ ಕ್ಲಾಸಿನ ಮಗಳಿಗೆ ಎಡಿಎಚ್‌ಡಿ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು, ಸ್ಕೂಲಿನವರು ಟಿ.ಸಿ. ತೆಗೆದುಕೊಂಡು ಹೋಗಿ ಎನ್ನುತ್ತಿದ್ದರು. “ನೀವೇ ಬಂದು ಇಂಗ್ಲಿಷಲ್ಲಿ ಹೇಳಿ ಆಂಟಿ, ನನ್ ಮಾತು ಅಲ್ಲಿ ನಡಿಯಲ್ಲ.”

ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಇಸ್ತ್ರಿ ಹಾಕಿಕೊಂಡು ಹೋದೆ. ಹೆಡ್‌ಮಿಸ್ಟ್ರೆಸ್ ಶುರುಮಾಡಿದರು: “ಮಗು ಒಂದ್ಕಡೆ ಕೂರಲ್ಲ. ಕೊಟ್ಟ ಕೆಲಸ ಮುಗಿಸಲ್ಲ. ಮಾತಾಡ್ತಿರೋವಾಗ್ಲೇ ಎದ್ದು ಹೋಗ್ತಾಳೆ...” ಮಾತು ನಿಲ್ಲಿಸಿ ಕಿಟಕಿಯತ್ತ ನೋಡಿದರು. ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ನಮ್ಮ ಟೈಲರ್ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಪರದೆಯ ಬಿಚ್ಚಿದ ಅಂಚು ಹೊಲಿಯುತ್ತಿದ್ದಳು.

“ಏನಮ್ಮಾ ಅದು?”

“ಜೋತಾಡ್ತಿತ್ತು ಮೇಡಂ. ನೀವು ಹೇಳಿ, ಕೇಳಿಸ್ಕೊಳ್ತಿದೀನಿ.”

ಹೆಡ್‌ಮಿಸ್ಟ್ರೆಸ್ ನನ್ನನ್ನು ನೋಡಿದರು. “ಹಾಗಾದ್ರೆ ತಾಯಿ ಮಗಳು ಇಬ್ರಿಗೂ ಟಿ.ಸಿ. ಕೊಡ್ಬೇಕಾಗುತ್ತೆ” ಎಂದು ನಕ್ಕು, ಫಾರ್ಮನ್ನು ಡ್ರಾಯರಿಗೆ ತಳ್ಳಿದರು. “ಇಲ್ಲೇ ಓದ್ಲಿ. ನಾಳೆಯಿಂದ ಬೋರ್ಡ್ ಒರೆಸೋದು ಅವಳ ಕೆಲಸ. ಏಳೋಕೆ ಒಂದು ಕಾರಣ ಇರ್ಲಿ.”

ನನ್ನ ಇಂಗ್ಲಿಷ್ “ಗುಡ್ ಮಾರ್ನಿಂಗ್”ನಲ್ಲೇ ಮುಗಿದಿತ್ತು. ಅವಳು ಕಣ್ಣೊರೆಸಿಕೊಂಡು ಮಗಳ ಕ್ಲಾಸಿನತ್ತ ಓಡಿದಳು. ಸೂಜಿ ಪರದೆಯಲ್ಲೇ ನೇತಾಡುತ್ತಿತ್ತು.

ಆಮೇಲೆ ಅವಳು ಹೊರಮಾವಿನ ಕಡೆ ಮನೆ ಬದಲಿಸಿದಳು. ಹೋಗುವಾಗ ಅವಳು ವಾಪಸ್ ಕೊಟ್ಟ ನನ್ನ ನೀಲಿ ಬ್ಲೌಸ್ ಒಂದೇ ತೋಳಿನೊಂದಿಗೆ ಇನ್ನೂ ಕಪಾಟಿನಲ್ಲಿದೆ. ಬೇರೆ ಟೈಲರಿಗೆ ಕೊಡಲು ಮನಸ್ಸಾಗಿಲ್ಲ.